ಚೀನಾದಂಥ ಆಡಳಿತ ಬೇಕೆನ್ನುವವರು ಮುಂಡಗೋಡಿಗೆ ಹೋಗಿಬರಲಿ



ನಮ್ಮ ಭಾನುವಳ್ಳಿಯ ಕಟ್ಟೆಯ ಮೇಲೂ ದಾವಣಗೆರೆಯ ಬೆಣ್ಣೆದೋಸೆ ಹೋಟೆಲ್ಲಿನಲ್ಲೂ ಒಂದು ಮಾತನ್ನು ನಾನು ಪದೇಪದೇ ಕೇಳುತ್ತೇನೆ. "ನಮ್ಮ ದೇಶ ಉದ್ಧಾರ ಆಗಬೇಕಂದ್ರೆ ಚೀನಾದಂಥ ಸರ್ಕಾರ ಬರಬೇಕು ನೋಡ್ರಿ. ಅಲ್ಲಿ ಯಾರೂ ಉಸಿರೆತ್ತಂಗಿಲ್ಲ." ಹೇಳುವವರು ಕೆಟ್ಟವರೇನಲ್ಲ. ನಾಲೆಯ ನೀರು ಕೊನೆಯ ಗದ್ದೆಗೆ ಬಾರದೆ ಬೇಸತ್ತ ರೈತರು, ಒಂದು ಖಾತೆ ಬದಲಾವಣೆಗೆ ವರ್ಷಗಟ್ಟಲೆ ಕಚೇರಿ ಸುತ್ತಿದವರು, ನಿವೃತ್ತ ಮೇಷ್ಟ್ರುಗಳು. ಗಡಿಯಿಂದ ಏನಾದರೂ ಸುದ್ದಿ ಬಂತೆಂದರೆ ಇದೇ ಬಾಯಿಗಳು ಚೀನಾದವರನ್ನು ಕುಲಗೆಟ್ಟವರೆಂದು ಬಯ್ಯುತ್ತವೆ. ಅಲ್ಲಿನ ಆಡಳಿತ ಬೇಕು, ಅಲ್ಲಿನ ಜನ ಬೇಡ. ಈ ಲೆಕ್ಕ ತಲೆಕೆಳಗಾಗಿದೆ ಎಂಬುದು ನನ್ನ ಅಭಿಪ್ರಾಯ. ಅಲ್ಲಿನ ಜನರು ನಮ್ಮಂಥವರೇ. ನಾವು ಹೆದರಬೇಕಾದುದು ಅಲ್ಲಿನ ಆಡಳಿತಕ್ಕೆ. ಆ ಆಡಳಿತ ಏನು ಮಾಡಬಲ್ಲದು ಎಂಬುದಕ್ಕೆ ಸಾಕ್ಷಿಗಳು ನಮ್ಮ ರಾಜ್ಯದಲ್ಲೇ ಆರು ದಶಕಗಳಿಂದ ಬದುಕುತ್ತಿದ್ದಾರೆ. ನಾವು ಅವರನ್ನು ಕೇಳಿಲ್ಲ, ಅಷ್ಟೆ.

ಚೀನಾ ಸಾಧಿಸಿದ್ದನ್ನು ನಾನು ಅಲ್ಲಗಳೆಯುವುದಿಲ್ಲ. ನಾಲ್ಕು ದಶಕಗಳಲ್ಲಿ ಹೆಚ್ಚುಕಡಿಮೆ 80 ಕೋಟಿ ಜನ ಕಡುಬಡತನದಿಂದ ಹೊರಬಂದರೆಂದು ವಿಶ್ವಬ್ಯಾಂಕೇ ಲೆಕ್ಕ ಕೊಡುತ್ತದೆ. ಅದು ಸಣ್ಣ ಮಾತಲ್ಲ. ಆದರೆ ಆ ರಸ್ತೆ, ರೈಲು, ಕಾರ್ಖಾನೆಗಳನ್ನು ಕಟ್ಟಿದ ಕಾಯಕಜೀವಿಗೆ ಅಲ್ಲಿ ಯಾವ ಸ್ಥಾನವಿದೆ ಎಂದು ಕೇಳುವುದು ಬಸವಣ್ಣನವರ ಹೆಸರು ಹೇಳುವ ನಮಗೆ ತಕ್ಕ ಪ್ರಶ್ನೆಯಲ್ಲವೇ?

1958ರಲ್ಲಿ ಚೀನಾ ಸರ್ಕಾರ ಪ್ರತಿಯೊಂದು ಕುಟುಂಬವನ್ನೂ ಹಳ್ಳಿಯವರು, ಪಟ್ಟಣದವರು ಎಂದು ವಿಂಗಡಿಸಿ ನೋಂದಾಯಿಸುವ ಕಾನೂನು ತಂದಿತು. ಅದಕ್ಕೆ ಹುಕೌ ಎಂದು ಹೆಸರು. ಅದು ಹೆತ್ತವರಿಂದ ಮಕ್ಕಳಿಗೆ ಬರುತ್ತದೆ. ಹಳ್ಳಿಯ ಹುಕೌ ಇರುವವನು ಶಾಂಘೈ ನಗರದಲ್ಲಿ ಇಪ್ಪತ್ತು ವರ್ಷ ಗಾರೆ ಕೆಲಸ ಮಾಡಿದರೂ ಕಾಗದದ ಪ್ರಕಾರ ಹಳ್ಳಿಯವನೇ. ಅವನ ಮಕ್ಕಳಿಗೆ ಆ ನಗರದ ಸರ್ಕಾರಿ ಶಾಲೆಯಲ್ಲಿ ಸಲೀಸಾಗಿ ಜಾಗ ಸಿಗುವುದಿಲ್ಲ. ಕಾಲೇಜು ಪ್ರವೇಶದ ಪರೀಕ್ಷೆಗೆ ಊರಿಗೇ ಮರಳಬೇಕಾಗುತ್ತದೆ. ಹೀಗಾಗಿ ಕೋಟಿಗಟ್ಟಲೆ ಮಕ್ಕಳು ಅಜ್ಜ ಅಜ್ಜಿಯರ ಹತ್ತಿರ ಊರಲ್ಲೇ ಉಳಿದು ಬೆಳೆದರು. ಸಣ್ಣ ಪಟ್ಟಣಗಳಲ್ಲಿ ಈಚೆಗೆ ಈ ಕಟ್ಟು ಸಡಿಲವಾಗಿದೆ, ದೊಡ್ಡ ನಗರಗಳಲ್ಲಿ ಇನ್ನೂ ಬಿಗಿಯಾಗಿದೆ. ನಮ್ಮ ಹರಿಹರ ತಾಲ್ಲೂಕಿನ ಹುಡುಗ ಬೆಂಗಳೂರಿನಲ್ಲಿ ಮನೆ ಮಾಡಿ, ಮಗಳನ್ನು ಪಕ್ಕದ ಶಾಲೆಗೆ ಸೇರಿಸಹೋದರೆ, "ನೀನು ಹುಟ್ಟಿದ್ದು ಭಾನುವಳ್ಳಿಯಲ್ಲಿ, ಮಗಳನ್ನು ಅಲ್ಲಿಗೇ ಕಳಿಸು" ಎಂದರೆ ಹೇಗಿರುತ್ತದೆ? ಹುಟ್ಟಿನಿಂದಲೇ ಮನುಷ್ಯನ ಜಾಗ ಗೊತ್ತುಮಾಡುವ ಪದ್ಧತಿ ಎಂಥದ್ದೆಂದು ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಇನ್ನು ಹುಕೌ ಕೂಡ ಸಿಗದವರದ್ದು ಬೇರೆಯೇ ಕತೆ. ಒಂದೇ ಮಗು ಎಂಬ ನಿಯಮ 1980ರಿಂದ 2015ರವರೆಗೆ ಇತ್ತು. ನಿಯಮ ಮೀರಿ ಹುಟ್ಟಿದ ಮಗುವಿಗೆ ದಂಡ ಕಟ್ಟಲಾಗದ ಬಡವರು ಅದನ್ನು ನೋಂದಾಯಿಸಲಿಲ್ಲ. 2010ರ ಜನಗಣತಿಯಲ್ಲಿ ಹೀಗೆ ಯಾವ ಪುಸ್ತಕದಲ್ಲೂ ಹೆಸರಿಲ್ಲದವರು ಸುಮಾರು 1.3 ಕೋಟಿ ಎಂದು ಲೆಕ್ಕ ಸಿಕ್ಕಿತು. ಶಾಲೆ ಇಲ್ಲ, ಆಸ್ಪತ್ರೆಯ ವಿಮೆ ಇಲ್ಲ, ರೈಲಿನ ಟಿಕೆಟ್ಟಿಲ್ಲ, ಮದುವೆಯ ನೋಂದಣಿ ಇಲ್ಲ. ಬದುಕಿದ್ದಾರೆ, ಆದರೆ ಸರ್ಕಾರದ ಪಾಲಿಗೆ ಹುಟ್ಟೇ ಇಲ್ಲ. ಅವರನ್ನೂ ನೋಂದಾಯಿಸಿಕೊಳ್ಳಿ ಎಂಬ ಆದೇಶ ಬಂದದ್ದು 2016ರ ಹೊತ್ತಿಗೆ.

ನೋಂದಣಿಯ ಪುಸ್ತಕ ಈಗ ಕಿಸೆಯ ಫೋನಿಗೆ ಬಂದಿದೆ. ಕೋವಿಡ್ ಕಾಲದಲ್ಲಿ ಚೀನಾದ ಪ್ರತಿಯೊಬ್ಬರ ಫೋನಿನಲ್ಲೂ ಆರೋಗ್ಯದ ಒಂದು ಬಣ್ಣ ಇರುತ್ತಿತ್ತು. ಹಸಿರಾದರೆ ಹೊರಗೆ ಹೋಗಬಹುದು, ಕೆಂಪಾದರೆ ಬಸ್ಸೂ ಇಲ್ಲ, ಅಂಗಡಿಯೂ ಇಲ್ಲ. 2022ರ ಜೂನ್‌ನಲ್ಲಿ ಹೆನಾನ್ ಪ್ರಾಂತ್ಯದ ನಾಲ್ಕು ಗ್ರಾಮೀಣ ಬ್ಯಾಂಕುಗಳಲ್ಲಿ ಠೇವಣಿ ಇಟ್ಟಿದ್ದವರು, ಎರಡು ತಿಂಗಳಿಂದ ದುಡ್ಡು ಕೊಡುತ್ತಿಲ್ಲವೆಂದು ಕೇಳಲು ಝೆಂಗ್‌ಝೌ ನಗರಕ್ಕೆ ಹೊರಟರು. ಜ್ವರವಿಲ್ಲ, ಕೆಮ್ಮಿಲ್ಲ, ಇದ್ದಕ್ಕಿದ್ದಂತೆ ಅವರ ಫೋನು ಕೆಂಪಾಯಿತು. 1,317 ಜನರ ಬಣ್ಣವನ್ನು ಅಧಿಕಾರಿಗಳೇ ಬದಲಾಯಿಸಿದ್ದರೆಂದು ಆಮೇಲೆ ಅಲ್ಲಿನ ಸರ್ಕಾರವೇ ಒಪ್ಪಿ ಐವರಿಗೆ ಶಿಕ್ಷೆ ಕೊಟ್ಟಿತು. ಸಹಕಾರಿ ಬ್ಯಾಂಕಿನ ಬಾಗಿಲು ಮುಚ್ಚಿದಾಗ ಬೀದಿಗಿಳಿದ ಠೇವಣಿದಾರರನ್ನು ನಮ್ಮ ನಾಡಿನಲ್ಲೂ ಕಂಡಿದ್ದೇವೆ. ಅವರಿಗೆ ಕೂಗಲು ಬೀದಿಯಾದರೂ ಇತ್ತು.

ವುಹಾನಿನ ಕಣ್ಣಿನ ವೈದ್ಯ ಲೀ ವೆನ್‌ಲಿಯಾಂಗ್ ಹೊಸ ಕಾಯಿಲೆಯ ಬಗ್ಗೆ ಗೆಳೆಯರನ್ನು ಎಚ್ಚರಿಸಿದ್ದಕ್ಕೆ ಪೊಲೀಸರು 2020ರ ಜನವರಿ 3ರಂದು ಕರೆಸಿ, ಸುಳ್ಳು ಹರಡಿದೆನೆಂದು ಸಹಿ ಹಾಕಿಸಿಕೊಂಡರು. ಫೆಬ್ರವರಿ 7ರಂದು ಅವರು ಅದೇ ಕಾಯಿಲೆಯಿಂದ ತೀರಿಕೊಂಡರು. ಅವರು ಜಾಲತಾಣದಲ್ಲಿ ಹಾಕಿದ್ದ ಕೊನೆಯ ಬರಹದ ಕೆಳಗೆ ಜನ ವರ್ಷಗಟ್ಟಲೆ ಬರೆಯುತ್ತಲೇ ಇದ್ದರು. ಇವತ್ತು ಕೆಲಸ ಹೋಯಿತು ಡಾಕ್ಟರೇ, ನಿದ್ದೆ ಬರುತ್ತಿಲ್ಲ, ಮಗಳಿಗೆ ಹುಷಾರಿಲ್ಲ, ಅಂಥ ಮಾತುಗಳನ್ನು. ಗದ್ದುಗೆಯ ಮುಂದೆ ನಿಂತು ನಮ್ಮ ತಾಯಂದಿರು ಹೇಳಿಕೊಳ್ಳುವ ಹಾಗೆ. ಈ ಜನರನ್ನೇ ನಾವು ಕುಲಗೆಟ್ಟವರೆಂದು ಬಯ್ಯುವುದು? ಅದೇ 2022ರ ನವೆಂಬರ್‌ನಲ್ಲಿ ಉರುಂಚಿ ನಗರದ ಕಟ್ಟಡವೊಂದಕ್ಕೆ ಬೆಂಕಿ ಬಿದ್ದು 10 ಜನ ಸತ್ತಾಗ, ಲಾಕ್‌ಡೌನ್ ಇದ್ದುದರಿಂದ ಅವರಿಗೆ ತಪ್ಪಿಸಿಕೊಳ್ಳಲಾಗಲಿಲ್ಲವೆಂದು ಕುದಿದ ಯುವಕರು ಬಿಳಿ ಹಾಳೆ ಹಿಡಿದು ಬೀದಿಗೆ ಬಂದರು. ಹಾಳೆಯ ಮೇಲೆ ಒಂದಕ್ಷರವಿಲ್ಲ. ಬರೆದರೆ ಬಂಧನ, ಅದಕ್ಕೆ ಖಾಲಿ ಹಾಳೆ. ಉಸಿರೆತ್ತುವವರೇ ಇಲ್ಲವೆಂದು ಕಟ್ಟೆಯ ಮೇಲೆ ಕುಳಿತು ಮೆಚ್ಚುವವರಿಗೆ ಈ ಹುಡುಗ ಹುಡುಗಿಯರ ಸುದ್ದಿ ತಲುಪಿಲ್ಲವೆಂದು ಕಾಣುತ್ತದೆ.

ಇದೆಲ್ಲ ದೂರದ್ದು ಎನ್ನುವವರಿಗಾಗಿ ಮುಂಡಗೋಡಿನ ಮಾತು ಹೇಳುತ್ತೇನೆ.

ಚಳಿ ಶುರುವಾದೊಡನೆ ದಾವಣಗೆರೆಯಲ್ಲಿ ಸ್ವೆಟರ್ ಅಂಗಡಿ ಹಾಕುವ ಟಿಬೆಟನ್ನರನ್ನು ನೀವೆಲ್ಲ ನೋಡಿದ್ದೀರಿ. ಚೌಕಾಸಿ ಮಾಡಿ ಮಫ್ಲರ್ ಕೊಂಡಿದ್ದೀರಿ. ಕೆಲವರು ಅವರನ್ನು ನೇಪಾಳಿಗಳೆನ್ನುತ್ತಾರೆ, ಹುಡುಗರು 'ಚೀನಾದೋರು' ಎಂದು ಕೂಗುತ್ತಾರೆ. ಯಾವ ಆಡಳಿತದಿಂದ ಅವರ ಹಿರಿಯರು ಜೀವ ಹಿಡಿದುಕೊಂಡು ಓಡಿಬಂದರೋ ಅದರ ಹೆಸರಿನಿಂದಲೇ ಅವರನ್ನು ಕರೆಯುತ್ತೇವೆ. ಹೀಗೆ ಕರೆಸಿಕೊಂಡ ಒಬ್ಬ ಹೆಣ್ಣುಮಗಳು ಬಿಲ್ಲು ಬರೆಯುತ್ತಲೇ, "ಅಣ್ಣಾ, ನಾನು ಹುಟ್ಟಿದ್ದು ಮುಂಡಗೋಡ, ನಮ್ಮ ಅಮ್ಮ ಹುಟ್ಟಿದ್ದೂ ಮುಂಡಗೋಡ" ಎಂದು ನನ್ನೆದುರೇ ಅಚ್ಚ ಕನ್ನಡದಲ್ಲಿ ಉತ್ತರಿಸಿದ್ದುಂಟು.

1959ರ ಮಾರ್ಚ್‌ನಲ್ಲಿ ದಲೈ ಲಾಮಾ ಲಾಸಾ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸುಮಾರು 80 ಸಾವಿರ ಜನ ಹಿಮಾಲಯ ದಾಟಿದರು. ಇವರನ್ನು ಎಲ್ಲಿ ಇರಿಸುವುದೆಂದು ನೆಹರೂ ಅವರು ರಾಜ್ಯಗಳನ್ನು ಕೇಳಿದಾಗ ಎದ್ದು ಕಾಣುವಂತೆ ಮುಂದೆ ಬಂದದ್ದು ನಮ್ಮ ಮೈಸೂರು ರಾಜ್ಯ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಭೂಮಿ ಕೊಟ್ಟಾಗ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ, ಮುಂದೆ 1964ರಲ್ಲಿ ಬಸವ ಸಮಿತಿಯನ್ನು ಕಟ್ಟಿದವರೂ ಅವರೇ. 1966ರಲ್ಲಿ ಮುಂಡಗೋಡಿನ ವಸತಿ ಆರಂಭವಾದಾಗ ಇದ್ದವರು ನಮ್ಮ ಹಳೆಯ ಚಿತ್ರದುರ್ಗ ಜಿಲ್ಲೆಯ ಎಸ್. ನಿಜಲಿಂಗಪ್ಪನವರು. ಅವರನ್ನು ದಲೈ ಲಾಮಾ ಕೃತಜ್ಞತೆಯಿಂದ ನೆನೆಯುತ್ತಲೇ ಬಂದಿದ್ದಾರೆ. ಆಮೇಲೆ ಹುಣಸೂರಿನ ಬಳಿ, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯದಲ್ಲೂ ವಸತಿಗಳಾದವು. ಚಳಿನಾಡಿನಿಂದ ಬಂದವರು ಬಿಸಿಲಲ್ಲಿ ಕಾಡು ಕಡಿದು, ಆನೆಗಳ ಕಾಟ ತಡೆದುಕೊಂಡು ಜೋಳ ಬಿತ್ತಿದರು. ಎಷ್ಟೋ ಜನ ಹವೆ ಒಗ್ಗದೆ ಸತ್ತರು. ಲಾಸಾ ಸುತ್ತಲಿನ ಮೂರು ಮಹಾವಿಹಾರಗಳಲ್ಲಿ ಸೆರಾ ಬೈಲಕುಪ್ಪೆಯಲ್ಲಿ ಮತ್ತೆ ಎದ್ದಿತು, ಡ್ರೆಪುಂಗ್ ಮತ್ತು ಗಾಂದೆನ್ ಮುಂಡಗೋಡಿನಲ್ಲಿ.

ಮುಂಡಗೋಡು ಇರುವುದು ಉತ್ತರ ಕನ್ನಡದಲ್ಲಿ. ಉಳವಿಯೂ ಅದೇ ಜಿಲ್ಲೆಯಲ್ಲಿದೆ. ಕಲ್ಯಾಣದಲ್ಲಿ ಅರಸೊತ್ತಿಗೆ ಶರಣರ ಮೇಲೆ ಮುಗಿಬಿದ್ದಾಗ ವಚನದ ಕಟ್ಟುಗಳನ್ನು ಹೊತ್ತು ಚೆನ್ನಬಸವಣ್ಣನವರ ಜೊತೆ ಶರಣರು ಬಂದು ಸೇರಿದ್ದು ಉಳವಿಯ ಕಾಡನ್ನೆಂದು ನಮ್ಮ ಪರಂಪರೆ ಹೇಳುತ್ತದೆ. ಎಂಟು ಶತಮಾನಗಳ ನಂತರ ಅದೇ ಸೀಮೆಗೆ ಬೇರೊಂದು ಗಡಿ ದಾಟಿ, ಬೇರೆ ಲಿಪಿಯ ಗ್ರಂಥಗಳನ್ನು ಹೊತ್ತ ಜನ ಬಂದರು. ಪ್ರತಿ ವರ್ಷ ಉಳವಿ ಜಾತ್ರೆಗೆ ಹೋಗುವ ನಮ್ಮವರಲ್ಲಿ ಎಷ್ಟು ಮಂದಿ ಮುಂಡಗೋಡಿನಲ್ಲಿ ಇಳಿದು ಆ ಜನರನ್ನು ಮಾತಾಡಿಸಿದ್ದಾರೆ? ವಿಹಾರದ ಬಂಗಾರದ ಬಣ್ಣದ ಮೂರ್ತಿಯ ಮುಂದೆ ಫೋಟೋ ತೆಗೆಸಿಕೊಂಡು, ಮೊಮೊ ತಿಂದು ಬರುತ್ತೇವೆ.

ಮಾತಾಡಿಸಿದರೆ ಏನು ತಿಳಿಯುತ್ತದೆಂದರೆ, ಅವರು ಬಿಟ್ಟುಬಂದ ನಾಡಿನಲ್ಲಿ ಬಿಗಿ ಸಡಿಲಾಗಿಲ್ಲ, ಹೆಚ್ಚಾಗಿದೆ. 2008ಕ್ಕೆ ಮುಂಚೆ ವರ್ಷಕ್ಕೆ ಎರಡು ಮೂರು ಸಾವಿರ ಜನ ಗಡಿ ದಾಟಿ ಬರುತ್ತಿದ್ದರು. ಆ ವರ್ಷದ ಪ್ರತಿಭಟನೆಗಳ ನಂತರ ಕಾವಲು ಬಿಗಿಯಾಗಿ, ಈಚಿನ ವರ್ಷಗಳಲ್ಲಿ ಬರುವವರು ಬೆರಳೆಣಿಕೆಯಷ್ಟು. ಮನೆಯಲ್ಲಿ ದಲೈ ಲಾಮಾ ಅವರ ಪಟ ಇಟ್ಟುಕೊಳ್ಳುವುದು ಅಲ್ಲಿ ಅಪರಾಧ. ಕನ್ನಡ ಶಾಲೆ ಉಳಿಸಿ ಎಂದು ಹೋರಾಡುವ ನಮಗೆ ತಾಶಿ ವಾಂಗ್‌ಚುಕ್ ಎಂಬ ಅಂಗಡಿಕಾರನ ಕತೆ ಗೊತ್ತಿರಬೇಕು. ಶಾಲೆಯಲ್ಲಿ ಟಿಬೆಟನ್ ಭಾಷೆ ಸರಿಯಾಗಿ ಕಲಿಸುತ್ತಿಲ್ಲ, ಇದರ ಮೇಲೆ ದಾವೆ ಹೂಡಬೇಕು ಎಂದು ಆತ ಬೀಜಿಂಗಿಗೆ ಹೋದ. ಪ್ರತ್ಯೇಕ ದೇಶ ಕೇಳಲಿಲ್ಲ. ಪ್ರತಿ ಜನಾಂಗಕ್ಕೂ ತನ್ನ ಭಾಷೆಯನ್ನು ಬಳಸುವ, ಬೆಳೆಸುವ ಸ್ವಾತಂತ್ರ್ಯವಿದೆಯೆಂದು ಚೀನಾದ ಸಂವಿಧಾನವೇ ಹೇಳುತ್ತದಲ್ಲ, ಅದನ್ನು ನಡೆಸಿಕೊಡಿ ಎಂದ. 2015ರಲ್ಲಿ ಅಮೆರಿಕದ ಪತ್ರಿಕೆಯೊಂದರ ವಿಡಿಯೋದಲ್ಲಿ ಇದನ್ನು ಹೇಳಿದ್ದಕ್ಕೆ 2016ರ ಜನವರಿಯಲ್ಲಿ ಬಂಧನವಾಯಿತು. ಪ್ರತ್ಯೇಕತೆಗೆ ಪ್ರಚೋದನೆ ಎಂದು ಐದು ವರ್ಷ ಜೈಲು. ಇನ್ನು ಮಕ್ಕಳ ಮಾತು. ಸುಮಾರು 10 ಲಕ್ಷ ಟಿಬೆಟನ್ ಮಕ್ಕಳು ಮನೆಯಿಂದ ದೂರ, ಚೀನೀ ಭಾಷೆಯ ಸರ್ಕಾರಿ ವಸತಿ ಶಾಲೆಗಳಲ್ಲಿದ್ದಾರೆಂದು ವಿಶ್ವಸಂಸ್ಥೆಯ ತಜ್ಞರು 2023ರ ಫೆಬ್ರವರಿಯಲ್ಲಿ ಆತಂಕ ವ್ಯಕ್ತಪಡಿಸಿದರು. ಯಾರನ್ನೂ ಬಲವಂತ ಮಾಡಿಲ್ಲ ಎಂಬುದು ಚೀನಾದ ಉತ್ತರ. ನಮ್ಮ ಮಠಗಳೂ ಲಕ್ಷಾಂತರ ಮಕ್ಕಳಿಗೆ ಅನ್ನ, ಅಕ್ಷರ, ವಸತಿ ಕೊಟ್ಟಿವೆ. ಆ ಮಕ್ಕಳು ರಜೆಗೆ ಊರಿಗೆ ಹೋಗಿ ಅವ್ವನ ಜೊತೆ ಅವ್ವನ ಭಾಷೆಯಲ್ಲೇ ಮಾತಾಡಿದರು. ಅಲ್ಲಿ ಎಳೆಯ ವಯಸ್ಸಿನಲ್ಲೇ ಹೋದ ಮಗು ಮರಳಿ ಬಂದಾಗ ಅಜ್ಜಿಯ ಮಾತು ಅದಕ್ಕೆ ತಿಳಿಯುವುದಿಲ್ಲ ಎಂಬುದೇ ದೂರು.

ಈ ಪತ್ರಿಕೆ ಮಠಗಳ ಮೂಲಕ ನಿಮ್ಮ ಕೈಗೆ ಬರುವುದರಿಂದ ಗುರುವಿನ ವಿಷಯವನ್ನೂ ಹೇಳಲೇಬೇಕು. 2007ರಲ್ಲಿ ಚೀನಾದ ಧಾರ್ಮಿಕ ವ್ಯವಹಾರಗಳ ಇಲಾಖೆ ತನ್ನ 5ನೆಯ ಸಂಖ್ಯೆಯ ಆದೇಶ ಹೊರಡಿಸಿತು. ಸರ್ಕಾರದ ಅನುಮತಿಯಿಲ್ಲದೆ ಯಾವ ಲಾಮಾನೂ ಮರುಹುಟ್ಟು ಪಡೆಯುವಂತಿಲ್ಲ! ದೇವರಿಲ್ಲ ಎನ್ನುವ ಪಕ್ಷವೊಂದು ಮರುಜನ್ಮಕ್ಕೆ ಅರ್ಜಿ ನಮೂನೆ ಮಾಡಿದ್ದನ್ನು ಓದಿ ನಾನಂತೂ ನಕ್ಕುಬಿಟ್ಟೆ. ಶರಣರ ದಾರಿಯಲ್ಲಿ ನಡೆಯುವ ನಾನು ಪುನರ್ಜನ್ಮವನ್ನು ನಂಬುವವನಲ್ಲ, ಮಗುವೊಂದನ್ನು ಹುಡುಕಿ ಪೀಠದಲ್ಲಿ ಕೂರಿಸುವ ಪದ್ಧತಿಯನ್ನು ಒಪ್ಪುವವನೂ ಅಲ್ಲ. ಆದರೆ ಟಿಬೆಟನ್ನರ ಗುರು ಯಾರೆಂದು ಹೇಳಬೇಕಾದವರು ಟಿಬೆಟನ್ನರು. ನಮ್ಮ ಮಠಗಳಲ್ಲೂ ಉತ್ತರಾಧಿಕಾರಿಯ ವಿಷಯಕ್ಕೆ ಜಗಳಗಳಾಗಿವೆ, ಕೋರ್ಟಿನ ಮೆಟ್ಟಿಲು ಹತ್ತಿದ್ದೇವೆ, ಅದು ಶೋಭೆ ತರುವ ವಿಷಯವೇನಲ್ಲ. ಹಾಗೆಂದು ಬೆಂಗಳೂರಿನ ಕಾರ್ಯದರ್ಶಿಯೊಬ್ಬರು ಆದೇಶ ಹೊರಡಿಸಿ ಇಂಥವರೇ ನಿಮ್ಮ ಸ್ವಾಮಿಗಳು ಎಂದರೆ ಭಕ್ತರು ಪಾದಪೂಜೆಗೆ ಹೋಗುತ್ತಾರೆಯೇ?

ಅಲ್ಲಿ ಅದು ನಡೆದಿದೆ. 1995ರ ಮೇ 14ರಂದು ದಲೈ ಲಾಮಾ ಆರು ವರ್ಷದ ಗೆದುನ್ ಚೋಕ್ಯಿ ನ್ಯಿಮಾ ಎಂಬ ಬಾಲಕನನ್ನು ಪಂಚೆನ್ ಲಾಮಾ ಎಂದು ಗುರುತಿಸಿದರು. ಮೂರೇ ದಿನಕ್ಕೆ ಆ ಮಗುವನ್ನೂ ಹೆತ್ತವರನ್ನೂ ಸರ್ಕಾರ ಎತ್ತಿಕೊಂಡು ಹೋಯಿತು. ಅದೇ ವರ್ಷ ತನ್ನದೇ ಆಯ್ಕೆಯ ಇನ್ನೊಬ್ಬ ಹುಡುಗನನ್ನು ಪೀಠದಲ್ಲಿ ಕೂರಿಸಿತು. ಮೂವತ್ತು ವರ್ಷ ಕಳೆದವು. ಆತ ಪದವಿ ಮುಗಿಸಿ ಉದ್ಯೋಗದಲ್ಲಿದ್ದಾನೆ, ತೊಂದರೆ ಕೊಡಬೇಡಿ ಎಂದು 2020ರಲ್ಲಿ ಚೀನಾದ ವಕ್ತಾರರು ಹೇಳಿದ್ದು ಬಿಟ್ಟರೆ ಆ ಮಗುವಿನ ಮುಖ ಹೊರಗಿನವರು ಕಂಡಿಲ್ಲ. ಪಂಚೆನ್ ಲಾಮಾ ಪರಂಪರೆಯ ತಾಶಿ ಲುನ್ಪೋ ವಿಹಾರ 1972ರಲ್ಲಿ ಬೈಲಕುಪ್ಪೆಯಲ್ಲಿ ಮರುಸ್ಥಾಪನೆಯಾಗಿದೆ. ಪೀಠ ನಮ್ಮ ಮೈಸೂರು ಜಿಲ್ಲೆಯಲ್ಲಿದೆ, ಪೀಠದ ಒಡೆಯ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ತನ್ನ ನಂತರವೂ ದಲೈ ಲಾಮಾ ಪರಂಪರೆ ಮುಂದುವರಿಯುತ್ತದೆ, ಗುರುತಿಸುವ ಅಧಿಕಾರ ತನ್ನ ಟ್ರಸ್ಟಿಗೆ ಮಾತ್ರ ಎಂದು ದಲೈ ಲಾಮಾ 2025ರ ಜುಲೈ 2ರಂದು ಹೇಳಿದರು. ನಮ್ಮ ಒಪ್ಪಿಗೆ ಬೇಕೇಬೇಕು ಎಂದು ಬೀಜಿಂಗ್ ಉತ್ತರ ಕೊಟ್ಟಿತು.

ಹಾಗಾದರೆ ನಾವೇನು ಸಾಚಾಗಳೇ? 1962ರ ಯುದ್ಧದ ಹೊತ್ತಿಗೆ ಅಸ್ಸಾಂ, ಬಂಗಾಳಗಳಲ್ಲಿ ತಲೆಮಾರುಗಳಿಂದ ಇದ್ದ ಸುಮಾರು 3,000 ಚೀನೀ ಮೂಲದ ಜನರನ್ನು ನಮ್ಮ ಸರ್ಕಾರ ರಾಜಸ್ಥಾನದ ದೇವಳಿಯ ಶಿಬಿರಕ್ಕೆ ಸಾಗಿಸಿತು. ಚಮ್ಮಾರರು, ಬಡಗಿಗಳು, ಶಾಲೆಗೆ ಹೋಗುವ ಮಕ್ಕಳು. ಅನೇಕರು ಹುಟ್ಟಿದ್ದೇ ಇಲ್ಲಿ. ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ, ಕೆಲವರು ವರ್ಷಗಟ್ಟಲೆ ಒಳಗಿದ್ದರು. ಜನರನ್ನೂ ಸರ್ಕಾರವನ್ನೂ ಒಂದೇ ಎಂದು ಭಾವಿಸಿದ ದೇಶ ಮಾಡುವ ಕೆಲಸ ಅದು.

2020ರ ಜೂನ್ 29ರಂದು 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅದರಲ್ಲಿ ವೀಚಾಟ್ ಕೂಡ ಇತ್ತು. ಚೀನಾದೊಳಗೆ ನಡೆಯುವುದು ಅದೊಂದೇ. ವಾಟ್ಸ್ಆ್ಯಪ್‌ಗೆ ಅಲ್ಲಿ ಬಾಗಿಲಿಲ್ಲ. ಪೊಲೀಸರು ಕೇಳಿಸಿಕೊಳ್ಳುತ್ತಾರೆಂದು ಗೊತ್ತಿದ್ದೇ, ಮುಂಡಗೋಡಿನ ಸನ್ಯಾಸಿಗಳು, ಬೈಲಕುಪ್ಪೆಯ ಮುದುಕರು ಟಿಬೆಟಿನಲ್ಲಿ ಉಳಿದ ಅಣ್ಣತಮ್ಮಂದಿರ ಜೊತೆ ಮಳೆ, ಬೆಳೆ, ಆರೋಗ್ಯದ ಎರಡು ಮಾತಾಡುತ್ತಿದ್ದುದು ಅದರಲ್ಲೇ. ಆ ಎಳೆಯೂ ಹರಿಯಿತು. ದೇಶದ ಭದ್ರತೆಗೆ ಅದು ಬೇಕಿತ್ತೋ ಬೇಡವೋ ತಿಳಿದವರು ಹೇಳಲಿ. ಬೆಲೆ ತೆತ್ತವರು ಯಾರೆಂಬುದನ್ನು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ.

ಆದರೂ ಎರಡು ದೇಶಗಳ ನಡುವೆ ಒಂದು ವ್ಯತ್ಯಾಸವಿದೆ, ಅದನ್ನು ಕಾಪಾಡಿಕೊಳ್ಳಬೇಕೆಂಬುದೇ ನನ್ನ ಕಳಕಳಿ. ಆಧಾರ್ ವಿಷಯದಲ್ಲಿ ಸರ್ಕಾರ ನಮ್ಮ ಬೆರಳಚ್ಚು ಹಿಡಿದಾಗ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಇಳಿವಯಸ್ಸಿನಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಟಿಬೆಟನ್ನರ ಪರವಾಗಿಯೂ ನಮ್ಮ ಹೈಕೋರ್ಟು ನಿಂತಿದೆ: 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತದ ಪ್ರಜೆಗಳೆಂದು 2013ರಲ್ಲಿ ಅದು ತೀರ್ಪು ಕೊಟ್ಟಿತು. 2014ರಲ್ಲಿ ಚುನಾವಣಾ ಆಯೋಗ ಅಂಥವರಿಗೆ ಮತದಾನದ ಹಕ್ಕನ್ನು ಒಪ್ಪಿತು.

ಕಾಗದದಲ್ಲಿ ಹೀಗಿದೆ. ನಿಜದಲ್ಲಿ ಹೆಚ್ಚಿನವರು ಇಂದಿಗೂ ವಿದೇಶಿಯರ ನೋಂದಣಿ ಪತ್ರ ಹಿಡಿದು ಕಾಲಕಾಲಕ್ಕೆ ನವೀಕರಣಕ್ಕೆ ಹೋಗುವವರೇ. 2017ರಲ್ಲಿ ಇವರಿಗೆ ಪಾಸ್‌ಪೋರ್ಟ್ ಕೊಡಲು ಕೇಂದ್ರ ಒಪ್ಪಿದಾಗ ಜೊತೆಗೆ ಷರತ್ತುಗಳು ಬಂದವು: ನೋಂದಣಿ ಪತ್ರ ಒಪ್ಪಿಸಬೇಕು, ಟಿಬೆಟನ್ ವಸತಿಯೊಳಗೆ ವಾಸಿಸಬಾರದು, ನಿರಾಶ್ರಿತರ ಸವಲತ್ತು ಬಿಡಬೇಕು. ಸವಲತ್ತು ಬಿಡುವುದು ನ್ಯಾಯವೇ. ಆದರೆ ಭಾರತೀಯನಾಗಲು ತಾಯಿಯ ಮನೆ, ವಿಹಾರ, ನೆರೆಹೊರೆ ಬಿಟ್ಟು ಹೋಗು ಎನ್ನುವುದು ಯಾವ ನ್ಯಾಯ? ಪೌರತ್ವ ಪಡೆದರೆ ಟಿಬೆಟಿನ ಹಕ್ಕೇ ಕೈಬಿಟ್ಟ ಹಾಗಾಗುತ್ತದೆಂದು ಹಿಂಜರಿಯುವವರೂ ಅವರಲ್ಲಿ ಇದ್ದಾರೆ, ಅದು ಅವರು ತೀರ್ಮಾನಿಸಬೇಕಾದ ಮಾತು. 2019ರ ಪೌರತ್ವ ತಿದ್ದುಪಡಿಯಲ್ಲಿ ಇವರ ಹೆಸರಿಲ್ಲ; ಪಾಕಿಸ್ತಾನ, ಬಾಂಗ್ಲಾ, ಅಫ್ಘಾನಿಸ್ತಾನಗಳಿಂದ ಬಂದವರಿಗೆ ಮಾತ್ರ ಅದು. 2009ರಲ್ಲಿ ಭಾರತದಲ್ಲಿ 94 ಸಾವಿರ ಟಿಬೆಟನ್ನರಿದ್ದರು. ಯುವಕರು ಯುರೋಪು, ಅಮೆರಿಕಗಳಿಗೆ ಹೋಗುತ್ತಿರುವುದರಿಂದ ಆ ಸಂಖ್ಯೆ ಇಳಿಯುತ್ತಿದೆ, ಮುಂಡಗೋಡಿನ ಕ್ಯಾಂಪುಗಳಲ್ಲಿ ವಯಸ್ಸಾದವರೇ ಉಳಿಯುತ್ತಿದ್ದಾರೆ.

ನಮ್ಮ ಸ್ವಾಮಿಗಳು ಸರ್ವಧರ್ಮ ಸಮ್ಮೇಳನಗಳಿಗೆ ಲಾಮಾಗಳನ್ನು ಕರೆದು ಶಾಲು ಹೊದಿಸುತ್ತಾರೆ. ಕೆಂಪು ನಿಲುವಂಗಿ, ಕಾವಿ ಒಟ್ಟಿಗೆ ನಿಂತ ಫೋಟೋ ಪತ್ರಿಕೆಗಳಲ್ಲಿ ಚೆನ್ನಾಗಿ ಬರುತ್ತದೆ. ಅಲ್ಲಿಗೆ ನಿಲ್ಲಬಾರದೆಂದು ನನ್ನ ಬಿನ್ನಹ. ಮಠಗಳ ಕಾನೂನು ಕಾಲೇಜುಗಳಿವೆ. ಅವುಗಳ ವಿದ್ಯಾರ್ಥಿಗಳು ಮುಂಡಗೋಡಿಗೆ, ಬೈಲಕುಪ್ಪೆಗೆ ಹೋಗಿ, 1987ರ ಮೊದಲು ಹುಟ್ಟಿದವರಲ್ಲಿ ಬಯಸುವವರ ಅರ್ಜಿ ತುಂಬಿಸಿಕೊಡಲಿ. ಅದಕ್ಕೂ ಮೊದಲು, ಪೌರತ್ವ ಪಡೆದವನು ಹುಟ್ಟಿದ ಮನೆ ಬಿಡಬೇಕೆಂಬ ಷರತ್ತು ಇರಕೂಡದೆಂದು ಮಠಾಧೀಶರು ಒಂದಾಗಿ ವಿದೇಶಾಂಗ ಮತ್ತು ಗೃಹ ಸಚಿವಾಲಯಗಳಿಗೆ ಬರೆಯಲಿ. ಮಠದ ಮುದ್ರೆಯಿರುವ ಕಾಗದಕ್ಕೆ ದೆಹಲಿಯಿಂದ ಈಗಲೂ ಉತ್ತರ ಬರುತ್ತದೆ. ಸ್ವೆಟರ್ ಮಾರುವವರ ಕಾಗದಕ್ಕೆ ಬರುವುದಿಲ್ಲ.